ಎಡಕ್ಕೆ ಮುಖ ಮಾಡಿದ ನವಿಲುಗಳು

ಫೋನಿನಲ್ಲಿ ಬಂದ ಚಿತ್ರವನ್ನು ನಂಬುವ ಹೆಂಗಸಲ್ಲ ರೇಷ್ಮಾಬಿ. ಅವಳ ಪ್ರಕಾರ ಫೋನು ಅಂದರೆ ಊರಿನವರ ಕಿವಿಯನ್ನು ಕೈಯಾರೆ ತಂದು ಮನೆಯೊಳಗೆ ಇಟ್ಟುಕೊಳ್ಳುವುದು. ಆದರೂ ಆ ದಿನ ಬೆಳಗ್ಗೆ ಶಂಭುಲಿಂಗಪ್ಪ ಮಾಸ್ತರರು ಕಟ್ಟೆಯ ಮೇಲೆ ಕೂತು ತಮ್ಮ ಫೋನನ್ನು ಮುಂದೆ ಹಿಡಿದಾಗ, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಒಮ್ಮೆ ನೋಡಿದಳು, ಮತ್ತೆ ಒರೆಸಿ ಮತ್ತೊಮ್ಮೆ ನೋಡಿದಳು. ಮೂರನೆಯ ಸಲ ನೋಡುವ ಹೊತ್ತಿಗೆ ಅವಳ ಮುಖ ಬಿಗಿದುಕೊಂಡಿತ್ತು.

ಬಿಳಿ ಗೋಡೆ. ಗೋಡೆಗೆ ತೂಗುಹಾಕಿದ ಕೆಂಪು ಜಮಖಾನ. ಯಾರೂ ಹತ್ತಿರ ಹೋಗಬಾರದೆಂದು ಮುಂದೊಂದು ಹಗ್ಗ. ಜಮಖಾನದ ನಡುವೆ ಏಳು ನವಿಲುಗಳ ಸಾಲು. ಆರು ನೆಟ್ಟಗೆ ಮುಂದೆ ನೋಡುತ್ತ ಹೊರಟಿವೆ. ಮುಂದಿನಿಂದ ಮೂರನೆಯದು ಮಾತ್ರ ನಡೆಯುತ್ತಲೇ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದೆ.

"ಇದನ್ನ ಯಾರು ಕೊಟ್ಟರ್ರಿ ನಿಮಗ?" ಅಂದಳು.

"ಬೆಂಗಳೂರಿಂದ ಬಂದೈತಿ. ಅಲ್ಲೆ ಒಂದು ದೊಡ್ಡ ಮ್ಯೂಜಿಯಂ ಐತಿ. ಚಿತ್ರ, ಮೂರ್ತಿ, ಏನೇನೋ ಇಟ್ಟಿರ್ತಾರ. ಈಗ ನೇಯ್ಗಿ ಕೆಲಸಕ್ಕಂತ ಹೊಸಾ ಹಾಲ್ ಮಾಡ್ಯಾರ. ಬರೋ ತಿಂಗಳ ಹದಿನಾರಕ್ಕ ತೆರೀತಾರ. ನವಲಗುಂದದಾಗ ನೇಯೋರು ಯಾರರ ಇದ್ರ ಕರಕೊಂಡು ಬರ್ರಿ ಅಂತ ನನಗ ಬರದಾರ. ನಾ ನಿಮ್ಮ ಹೆಸರು ಹೇಳೀನಿ."

"ನನ್ನ ಕೇಳದನ ಹೇಳಿದ್ರ್ಯಾ?"

"ಒಳ್ಳೇದಕ್ಕ ಹೇಳೀನಿ ಯಕ್ಕಾ. ಹೋಗಿ ಬರೂ ರೈಲಿನ ಟಿಕೆಟು, ಎರಡು ದಿನ ಇರಾಕ ರೂಮು, ಊಟ, ಎಲ್ಲಾ ಅವರದ."

ಎಲ್ಲಾ ಅವರದೇ ಅನ್ನುವ ಮಾತು ರೇಷ್ಮಾಬಿಯ ಕಿವಿಗೆ ಎಂದೂ ಒಳ್ಳೆಯದಾಗಿ ಬಿದ್ದದ್ದಿಲ್ಲ. ಪುಕ್ಕಟೆ ಕರೆಯುವವರು ಏನನ್ನೋ ಕಿತ್ತುಕೊಳ್ಳಲು ಕರೆಯುತ್ತಾರೆ. ಆದರೆ ಈ ಸಲ ಕಿತ್ತುಕೊಳ್ಳುವುದು ಆಗಲೇ ಮುಗಿದಂತೆ ಕಾಣುತ್ತಿತ್ತು. ಮಾಸ್ತರರಿಗೆ ಚಹಾ ಕೊಡಲು ಸೊಸೆಗೆ ಕೂಗಿ ಹೇಳಿ, ತಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಸೊಂಟದ ಬೀಗದಕೈ ತೆಗೆದು ಟ್ರಂಕು ತೆರೆದಳು. ಒಂದು, ಎರಡು, ಮೂರು, ನಾಲ್ಕು. ಕತ್ತು ತಿರುಗಿಸಿದ ನವಿಲಿನ ನಾಲ್ಕು ಜಮಖಾನಗಳು ಬೇವಿನ ಎಲೆಯ ನಡುವೆ ಇದ್ದಲ್ಲೇ ಇದ್ದವು. ಹಾಗಾದರೆ ಗೋಡೆಯ ಮೇಲಿನದು ಐದನೆಯದು. ಈ ಭೂಮಿಯ ಮೇಲೆ ಐದನೆಯದು ಇರಲು ಸಾಧ್ಯವೇ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನುವುದನ್ನು ಹೇಳಬೇಕು. ಅವರ ಓಣಿಯ ಜಮಖಾನದ ಮನೆಗಳಲ್ಲಿ ಒಂದು ಕಟ್ಟುಪಾಡಿತ್ತು. ವಿದ್ಯೆಯನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ನಾಳೆ ಇನ್ನೊಂದು ಮನೆಗೆ ಹೋಗುವವಳು, ಹೋಗುವಾಗ ಬೆರಳುಗಳನ್ನು ಬಿಟ್ಟು ಹೋಗುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳನ್ನು ಮಗ್ಗದಿಂದ ದೂರ ಇಟ್ಟು, ಎಲ್ಲಿಂದಲೋ ಬಂದವಳನ್ನು ಕರೆದು ಕೂರಿಸಿಕೊಳ್ಳುವ ಈ ನ್ಯಾಯ ಯಾರಿಗೆ ಮೊದಲು ಹೊಳೆಯಿತೋ, ಆ ಪುಣ್ಯಾತ್ಗಿತ್ತಿಗೆ ಹೆಣ್ಣುಮಕ್ಕಳು ಇರಲಿಲ್ಲವೆಂದು ಕಾಣುತ್ತದೆ. ಇನ್ನು ಕತ್ತು ತಿರುಗಿಸಿದ ನವಿಲು ರೇಷ್ಮಾಬಿಯ ಮನೆಗೆ ಮಾತ್ರ ಸೇರಿದ್ದು. ಕುಂದಗೋಳದಿಂದ ಸೊಸೆಯಾಗಿ ಬಂದ ಅವಳಿಗೆ ಅತ್ತೆ ಅದನ್ನು ಹೇಳಿಕೊಟ್ಟದ್ದು ಹನ್ನೊಂದು ವರ್ಷ ಪರೀಕ್ಷೆ ಮಾಡಿದ ಮೇಲೆ, ಅದೂ ಹಾಸಿಗೆ ಹಿಡಿದ ಮೇಲೆ. ಯಾರಾದರೂ ನೋಡಿ ಕದ್ದಾರು ಅನ್ನುವ ಭಯಕ್ಕೆ ರೇಷ್ಮಾಬಿ ಅದನ್ನು ಮಾರಲು ನೇಯುತ್ತಲೇ ಇರಲಿಲ್ಲ. ಮಾರುವುದಕ್ಕೆ ನೆಟ್ಟ ಕತ್ತಿನ ನವಿಲು, ಗಿಳಿ, ಪಗಡೆಯ ಹಾಸು. ಕತ್ತು ತಿರುಗಿಸಿದ್ದನ್ನು ನೇಯುವುದು, ಮಡಚುವುದು, ಬೀಗ ಹಾಕುವುದು. ಕಳ್ಳರಿಂದ ಉಳಿಸುವ ಭರದಲ್ಲಿ ಯಾರ ಕಣ್ಣಿಗೂ ಬೀಳದ ಚಿತ್ರ ಅದು. ಇನ್ನು ಮುಂದೆ ಬೆಂಗಳೂರಿನಲ್ಲಿ ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳಲಿದ್ದರು.

ಟ್ರಂಕಿನ ಮೇಲಿನದನ್ನು ಬಿಡಿಸಿ ನೋಡಿದಾಗ ಅವಳಿಗೆ ಇನ್ನೊಂದು ಸಂಗತಿ ಕಂಡಿತು. ಇವಳ ನವಿಲುಗಳು ಬಲಕ್ಕೆ ಹೊರಟಿದ್ದವು. ಫೋನಿನಲ್ಲಿದ್ದವು ಎಡಕ್ಕೆ.

ಹೊರಗೆ ಬಂದು, "ಹೋಗೂಣು ಮಾಸ್ತರ್ರ," ಅಂದಳು. ಮಾಸ್ತರರು ಚಹಾದ ಕಪ್ಪನ್ನು ಕೆಳಗಿಟ್ಟು ಅವಳ ಮುಖ ನೋಡಿದರು. ಹುಬ್ಬಳ್ಳಿಯ ಸಂತೆಗೆ ಕರೆದರೂ ಎರಡು ದಿನ ಯೋಚಿಸುವ ಹೆಂಗಸು ಇವಳು.

ಹೋಗುವುದು ಜಮಖಾನ ನೋಡುವುದಕ್ಕಲ್ಲ, ಕಳ್ಳಿಯನ್ನು ಹಿಡಿಯುವುದಕ್ಕೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಮರುದಿನದಿಂದ ತಯಾರಿ ಶುರುವಾಯಿತು. ಮಾಸ್ತರರು ನಲವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವರು, ಯಾವುದನ್ನೂ ಪಟ್ಟಿ ಮಾಡದೆ ಬಿಡುವವರಲ್ಲ. ಒಂದು ನೋಟುಪುಸ್ತಕ ತಂದು ಕಟ್ಟೆಯ ಮೇಲೆ ಕೂತು ಓದತೊಡಗಿದರು. ಸೋಮವಾರ ಮ್ಯೂಜಿಯಂಗೆ ರಜೆ, ಆದ್ದರಿಂದ ಸೋಮವಾರ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಮಂಗಳವಾರ ಇಳಿಯುವುದು. ಚೀಲ ಬಾಗಿಲಲ್ಲೇ ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ಒಳಗೆ ಎಲೆ ಅಡಿಕೆ ನಡೆಯುವುದಿಲ್ಲ. ಆಧಾರ ಕಾರ್ಡು ಬೇಕು.

"ಆಧಾರ ಯಾಕ?" ರೇಷ್ಮಾಬಿ ಕೇಳಿದಳು. "ಜಮಖಾನಾ ನೋಡಾಕ ಹೆಬ್ಬಟ್ಟು ಬೇಕೇನ್ರಿ?"

"ರೂಮಿಗೆ ಬೇಕ್ರಿ. ಎಲ್ಲಾ ಕಡೆ ಕೇಳತಾರ."

"ಚೀಲ ಯಾಕ ಹೊರಗ? ನಾವು ಒಯ್ಯೋರೇನು, ಒಯ್ದೋರು ಅವರು."

ಮಾಸ್ತರರಿಗೆ ಈ ಮಾತು ಅರ್ಥವಾಗಲಿಲ್ಲ. ಅವರು ಮುಂದಿನ ಸಾಲು ಓದಿದರು. ಯಾವ ವಸ್ತುವನ್ನೂ ಮುಟ್ಟಬಾರದು, ಹಗ್ಗ ದಾಟಬಾರದು.

ರೇಷ್ಮಾಬಿ ಅಲ್ಲಿ ತಡೆದಳು. ಹಗ್ಗಕ್ಕೂ ಗೋಡೆಗೂ ಎಷ್ಟು ಮೊಳ? ಕಾವಲಿನವನು ಗಂಡಸೋ ಹೆಂಗಸೋ? ಊಟಕ್ಕೆ ಎಷ್ಟು ಹೊತ್ತಿಗೆ ಹೋಗುತ್ತಾನೆ? ಮಾಸ್ತರರು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಇದು ಯಾಕೋ ಬ್ಯಾಂಕು ಒಡೆಯಲು ಹೊರಟವರ ಮಾತಿನ ಹಾಗಿದೆಯಲ್ಲ ಅಂತ ನಕ್ಕರು. ಅವಳು ನಗಲಿಲ್ಲ. ಜಮಖಾನದ ಮೂಲೆಯನ್ನು ಒಮ್ಮೆ ಮೇಲೆತ್ತಿ ಬೆನ್ನು ನೋಡಿದರೆ ಸಾಕಿತ್ತು. ಬಣ್ಣ ಬದಲಾದಲ್ಲೆಲ್ಲ ಎಳೆಯ ತುದಿಗಳು ಬೆನ್ನಿನ ಕಡೆ ಉಳಿಯುತ್ತವೆ. ಆ ತುದಿಗಳನ್ನು ಸಿಗಿಸುವ ರೀತಿ ಒಬ್ಬೊಬ್ಬರದು ಒಂದೊಂದು ತರಹ. ಅದನ್ನು ನೋಡಿದರೆ ನೇಯ್ದವಳ ಹೆಸರನ್ನು ಅವಳು ಅಲ್ಲೇ ನಿಂತು ಹೇಳಬಲ್ಲಳು.

"ಎಷ್ಟು ಮಂದಿ ಅಂತ ಬರೀಲಿ?"

"ಮೂರು. ನೀವು, ನಾನು, ನಾಜಿಮಾ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕೈ ನಿಂತಿತು. ಅತ್ತೆ ತನ್ನನ್ನು ಬೆಂಗಳೂರಿಗೆ ಕರೆದೊಯ್ಯುತ್ತಾಳೆಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ. ಸಂಜೆಯೊಳಗೆ ಅಳ್ನಾವರದ ತವರಿಗೆ ಫೋನು ಮಾಡಿ, ಯಾವ ಸೀರೆ ಉಡಲಿ ಅಂತ ತಾಯಿಯನ್ನು ಕೇಳಿಯೂ ಆಗಿತ್ತು. ಆ ಫೋನನ್ನು ರೇಷ್ಮಾಬಿ ಬಾಗಿಲ ಮರೆಯಲ್ಲಿ ನಿಂತು ಪೂರ್ತಿ ಕೇಳಿದಳು. ಸೀರೆಯ ಮಾತಿನ ನಡುವೆ ಬೇರೆ ಏನಾದರೂ ಇರಬಹುದೆಂದು ಕಾದಳು. ಬರೀ ಸೀರೆಯೇ ಇತ್ತು. ಅದರಿಂದ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು, ಯಾಕೆಂದರೆ ಅಷ್ಟು ಹೊತ್ತು ಬರೀ ಸೀರೆಯ ಬಗ್ಗೆ ಯಾರು ಮಾತಾಡುತ್ತಾರೆ?

ನಾಜಿಮಾಳನ್ನು ಕರೆದದ್ದು ಪ್ರೀತಿಯಿಂದಲ್ಲ. ಮನೆಯಲ್ಲಿ ಬಿಟ್ಟು ಹೋದರೆ ಮಗ್ಗ ಇವಳ ಕೈಯಲ್ಲಿ, ಟ್ರಂಕು ಇವಳ ಕಣ್ಣೆದುರು. ಮಗ ಬಾಬಾಸಾಬ ಟೆಂಪೋ ಹತ್ತಿಕೊಂಡು ಹೋದರೆ ಎರಡು ದಿನ ಮನೆಯ ಕಡೆ ಬರುವವನಲ್ಲ. ಕದ್ದವಳು ಸೊಸೆಯೇ ಆಗಿದ್ದರೆ ಆ ಗೋಡೆಯ ಮುಂದೆ ನಿಲ್ಲಿಸಿ ಮುಖ ನೋಡಬೇಕು. ಆಮೇಲೆ ಏನು? ಅದನ್ನೂ ಅವಳು ತೀರ್ಮಾನಿಸಿದ್ದಳು. ಕತ್ತು ತಿರುಗಿಸುವ ಗುಟ್ಟು ತನ್ನ ಜೊತೆಗೇ ಮಣ್ಣಿಗೆ ಹೋಗಲಿ. ಮಗ್ಗವನ್ನು ಬಿಚ್ಚಿ ಕಟ್ಟಿಗೆಗೆ ಹಾಕಿಸುತ್ತೇನೆ.

ಒಂದು ವಾರ ಅವಳು ಸೊಸೆಯ ಬೆನ್ನು ಹತ್ತಿದಳು. ಮಗ್ಗದ ಮುಂದೆ ಇಬ್ಬರೂ ಅಕ್ಕಪಕ್ಕ ಕೂತು ನೇಯುವಾಗ ನಾಜಿಮಾ ಪಂಜಾ ಹೊಡೆಯುವ ರೀತಿಯನ್ನು ಓರೆಗಣ್ಣಿನಲ್ಲಿ ನೋಡಿದಳು. ಎಳೆಯನ್ನು ಕೆಳಗೆ ಕೂರಿಸುವ ಆ ಕಬ್ಬಿಣದ ಹಲ್ಲಿನ ಸಾಮಾನಿನ ಸಪ್ಪಳವೂ ಅವಳಿಗೆ ಆಗ ಕಳ್ಳ ಸಪ್ಪಳವಾಗಿ ಕೇಳಿಸಿತು. ನಾಜಿಮಾ ಫೋನು ಕೈಗೆತ್ತಿಕೊಂಡರೆ ಇವಳಿಗೆ ಕೆಮ್ಮು ಬರುತ್ತಿತ್ತು. ನಾಜಿಮಾ ನೀರಿಗೆ ಹೋದರೆ ಇವಳೂ ಒಂದು ಕೊಡ ಹಿಡಿದು ಹೋಗುತ್ತಿದ್ದಳು. ಎಂಟನೆಯ ದಿನ ನಾಜಿಮಾಳ ತಾಳ್ಮೆ ಮುಗಿಯಿತು.

"ಅಮ್ಮಾ, ಏನಾತು ಹೇಳ್ರಿ. ನಾ ಏನ ಮಾಡೀನಿ?"

ರೇಷ್ಮಾಬಿ ಸುತ್ತಿ ಬಳಸಲಿಲ್ಲ. "ಕತ್ತು ತಿರುವಿದ ನವಲಾ ಯಾರಿಗೆ ನೇಯ್ದು ಕೊಟ್ಟಿ?"

ನಾಜಿಮಾ ಪಂಜಾ ಕೆಳಗಿಟ್ಟಳು. ಮೊದಲು ಅವಳಿಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು, ಕೊನೆಗೆ ಸಿಟ್ಟು ಬಂತು.

"ನನಗ ಕಲಿಸಿದ್ರೇನು ನೀವು ಅದನ್ನ? ಒಂಬತ್ತು ವರ್ಷಾತು ನಾ ಈ ಮನಿಗೆ ಬಂದು. ಮೂರು ವರ್ಷದ ಹಿಂದ ನಾಕನೇದು ನೇಯೂ ಮುಂದ, ಕತ್ತು ಬಂದ ಕೂಡ್ಲೆ, ಹೋಗು ತವರಿಗೆ ನಾಕು ದಿನ ಇದ್ದು ಬಾ ಅಂತ ಕಳಿಸಿದ್ರಿ. ಅತ್ತಿಗೆ ನನ್ನ ಮ್ಯಾಲ ಎಷ್ಟು ಜೀವ ಅಂತ ನಾ ಕುಣಕೋತ ಹೋದೆ. ತಿರುಗಿ ಬಂದು ನೋಡಿದ್ರ ಕತ್ತು ಮುಗದು ಬಾಲ ನಡದಿತ್ತು. ಅವತ್ತ ತಿಳೀತು ನನಗ. ಆದ್ರೂ ಒಂದು ಮಾತು ಆಡಲಿಲ್ಲ. ನನಗ ಬರೂದಿಲ್ಲ ಅಮ್ಮಾ ಆ ಕತ್ತು. ಬರತಿದ್ರ ಕದೀಬೇಕಲ್ಲ?"

ಸೊಸೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ತಾನೇ ಕಳಿಸಿದ್ದು, ಎಸ್‌ಟಿ ಸ್ಟ್ಯಾಂಡಿನವರೆಗೆ ಹೋಗಿ ಬಸ್ಸು ಹತ್ತಿಸಿ ಬಂದದ್ದೂ ತಾನೇ. ಆದರೂ ಸುಲಭವಾಗಿ ಸೋಲುವವಳಲ್ಲ ಅವಳು.

"ಹಂಗಾದ್ರ ಬೆಂಗಳೂರಿನಾಕಿಗೆ ಫೋನ್ ಹಚ್ಚು," ಅಂದಳು. "ನನ್ನ ಮುಂದ."

ಅಮೃತಾ ಅನ್ನುವ ಆ ಮ್ಯೂಜಿಯಂನ ಹುಡುಗಿ ಮಾಸ್ತರರಿಗೆ ಕಾಗದ ಬರೆದವಳು. ಅವಳ ದನಿ ಮೆತ್ತಗಿತ್ತು. ಅಷ್ಟು ಮೆತ್ತಗೆ ಮಾತಾಡುವವರ ಮೇಲೆ ರೇಷ್ಮಾಬಿಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

"ನಮಸ್ಕಾರ ಅಮ್ಮಾ, ನೀವು ಬರ್ತಿರೋದು ತುಂಬಾ ಖುಷಿ. ಹೇಳಿ, ಏನು ವಿಷಯ?"

"ನೀವು ಅದನ್ನ ಉಲ್ಟಾ ತೂಗಹಾಕೀರಿ," ಅಂದಳು ರೇಷ್ಮಾಬಿ. "ಬೆನ್ನು ಮುಂದ ಮಾಡೀರಿ. ನವಲಾ ಬಲಕ್ಕ ನಡೀಬೇಕು."

"ಹೌದಾ? ನಮಗೆ ಎರಡೂ ಕಡೆ ಒಂದೇ ಥರ ಕಾಣುತ್ತೆ. ಹೇಗೆ ಗೊತ್ತಾಗುತ್ತೆ ಅಮ್ಮಾ?"

"ಎಳಿ ತುದಿ ಯಾವ ಕಡೆ ಅದಾವ, ಹೋಗಿ ನೋಡಿ ಹೇಳ್ರಿ. ನಾ ಹಿಡದಿರ್ತೀನಿ."

ಹುಡುಗಿ ನಡೆದುಹೋಗುವ ಸಪ್ಪಳ, ಯಾರಿಗೋ ಹಗ್ಗ ಸರಿಸಲು ಹೇಳುವ ಸಪ್ಪಳ ಕೇಳಿಸಿತು. ಇಷ್ಟು ದಿನ ಕಾವಲಿನವನ ಊಟದ ಹೊತ್ತು ಲೆಕ್ಕ ಹಾಕಿದ್ದು ದಂಡವಾಯಿತಲ್ಲ ಅಂತ ರೇಷ್ಮಾಬಿಗೆ ಅನಿಸಿತು. ಕೇಳಿದ್ದರೆ ಅವರೇ ಎತ್ತಿ ನೋಡುತ್ತಿದ್ದರು.

"ಅಮ್ಮಾ, ತುದಿಗಳೆಲ್ಲ ಗೋಡೆ ಕಡೆ ಇವೆ. ಒಂದೊಂದು ತುದಿಯನ್ನೂ ಎರಡೆರಡು ಸಲ ಮಡಚಿ ಒಳಗೆ ಸೇರಿಸಿದ್ದಾರೆ. ಎಷ್ಟು ಚೆಂದ ಇದೆ ಅಂದ್ರೆ, ಈ ಕಡೆಯನ್ನೇ ಮುಂದೆ ಮಾಡಿದ್ರೂ ಆಗ್ತಿತ್ತು. ಆದ್ರೆ ನಾವು ಸರಿಯಾಗೇ ಹಾಕಿದ್ದೀವಿ. ಮುಖದ ಕಡೆಯಿಂದ ನೋಡಿದ್ರೆ ನವಿಲು ಎಡಕ್ಕೇ ಹೋಗ್ತಾ ಇವೆ."

"ಯಾವಾಗ ತೊಗೊಂಡ್ರಿ?"

"ಹನ್ನೊಂದು ವರ್ಷ ಆಯ್ತು. ಹುಬ್ಬಳ್ಳಿಯ ಒಂದು ಪ್ರದರ್ಶನದಲ್ಲಿ, ಬಕ್ರೀದ್ ಮುಗಿದು ವಾರಕ್ಕೆ ಅಂತ ನಮ್ಮ ಫೈಲಿನಲ್ಲಿದೆ. ಒಬ್ಬ ಹೆಂಗಸು ತಂದಿದ್ರಂತೆ. ನವಲಗುಂದದ್ದು ಅಂತ ಹೇಳಿ ಕೊಟ್ಟು ಹೋದ್ರು, ಹೆಸರು ಹೇಳಲಿಲ್ಲ. ಅದಕ್ಕೇ ಚೀಟಿಯಲ್ಲಿ ನೇಯ್ದವರು ಅನ್ನೋ ಕಡೆ ತಿಳಿದಿಲ್ಲ ಅಂತ ಹಾಕಿದ್ದೀವಿ. ಯಾರಿಂದ ಕಲಿತರು ಅನ್ನೋದೂ ಖಾಲಿ. ನೀವು ಬಂದ್ರೆ ಏನಾದ್ರೂ ತಿಳಿಯುತ್ತೇನೋ ಅಂತ ಆಸೆ."

ಫೋನು ಇಟ್ಟ ಮೇಲೆ ನಾಜಿಮಾ ಬೆರಳು ಮಡಚಿ ಎಣಿಸಿದಳು. "ಹನ್ನೊಂದು ವರ್ಷ. ನಾ ಬಂದು ಒಂಬತ್ತು. ಇನ್ನ ನೀರಿಗೆ ನಾ ಒಬ್ಬಾಕೀನ ಹೋಗಲೇನ್ರಿ?"

ರೇಷ್ಮಾಬಿಗೆ ಕೇಳಿಸಲಿಲ್ಲ. ಅವಳು ಮಗ್ಗವನ್ನು ನೋಡುತ್ತ ನಿಂತಿದ್ದಳು. ಅವರದು ನಿಂತ ಮಗ್ಗ, ಹಾಸಿನ ಎಳೆಗಳು ಮೇಲಿಂದ ಕೆಳಗೆ ಪರದೆಯ ಹಾಗೆ ಇಳಿದಿರುತ್ತವೆ. ನೇಯುವವರು ಮುಂದೆ ಮಣೆ ಹಾಕಿಕೊಂಡು ಕೂರುತ್ತಾರೆ. ಹಿಂದೆ, ಮಗ್ಗಕ್ಕೂ ಗೋಡೆಗೂ ನಡುವೆ ಒಂದೂವರೆ ಮೊಳದ ಸಂದಿ. ಆ ಸಂದಿಯಲ್ಲಿ ಈಗ ಯಾರೂ ಕೂರುವುದಿಲ್ಲ. ಜಮಖಾನ ಇಳಿಸಿದ ಮೇಲೆಯೇ ತುದಿಗಳನ್ನು ಸಿಗಿಸುತ್ತಾರೆ. ಒಂದು ಕಾಲಕ್ಕೆ ಅಲ್ಲೊಬ್ಬಳು ಕೂರುತ್ತಿದ್ದಳು.

ರೇಷ್ಮಾಬಿ ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು, ಗೋಡೆಗೆ ಕೈ ಊರಿ, ಅಡ್ಡಡ್ಡಲಾಗಿ ಆ ಸಂದಿಗೆ ನುಗ್ಗಿದಳು. ಮೊಣಕಾಲು ನೋಯಿತು. ಜೇಡರ ಬಲೆ ಮುಖಕ್ಕೆ ಅಂಟಿತು. ನಾಜಿಮಾ, ಏನು ಮಾಡಾಕ ಹತ್ತೀರಿ ಅಂತ ಗಾಬರಿಯಾಗಿ ಕೂಗಿದಳು. ಕುಕ್ಕರಗಾಲಿನಲ್ಲಿ ಕೂತು ತಲೆ ಎತ್ತಿದಾಗ ಮಗ್ಗದ ಮೇಲಿನ ನವಿಲುಗಳೆಲ್ಲ ಎಡಕ್ಕೆ ಮುಖ ಮಾಡಿ ನಿಂತಿದ್ದವು. ಎಳೆಗಳ ನಡುವಿನಿಂದ ಆಚೆ ತನ್ನದೇ ಮಣೆ ಕಾಣುತ್ತಿತ್ತು. ಅಲ್ಲಿ ಯಾರಾದರೂ ಕೂತರೆ ಅವರ ಮುಖ, ಕೈ, ಬೆರಳು, ಬೆರಳು ಹಿಡಿದ ಎಳೆ, ಎಲ್ಲವೂ ಇಲ್ಲಿಂದ ನಿಚ್ಚಳವಾಗಿ ಕಾಣುತ್ತವೆ.

ಮೈಮುನಾ. ಅಣ್ಣಿಗೇರಿಗೆ ಕೊಟ್ಟ ಮಗಳು. ಎಂಟನೆಯ ವಯಸ್ಸಿನಿಂದ ಮದುವೆಯಾಗುವ ತನಕ ಈ ಸಂದಿಯಲ್ಲಿ ಕೂತು ತುದಿ ಸಿಗಿಸಿದವಳು. ಮುಂದೆ ಬಂದು ಎಳೆ ಮುಟ್ಟಿದಳೆಂದು ಒಮ್ಮೆ ಅವಳ ಬೆರಳಿನ ಗಂಟಿಗೆ ಪಂಜಾದ ಹಿಡಿಯಿಂದ ಹೊಡೆದದ್ದುಂಟು. ಅಂದಿನಿಂದ ಹುಡುಗಿ ಹಿಂದೆಯೇ ಉಳಿದಳು. ಕತ್ತು ಬಂದಾಗ ಓಣಿಯ ಕಡೆಯ ಬಾಗಿಲು ಹಾಕಿಸುತ್ತಿದ್ದ, ಬಂದ ನೆಂಟರನ್ನು ಎಬ್ಬಿಸಿ ಕಳಿಸುತ್ತಿದ್ದ ರೇಷ್ಮಾಬಿ, ಇವಳನ್ನು ಮಾತ್ರ ಎಬ್ಬಿಸಿರಲಿಲ್ಲ. ಹಿಂದೆ ಕೂತವಳಿಗೆ ಏನು ತಿಳಿದೀತು ಅಂತ. ಬಣ್ಣ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಅನ್ನುವುದನ್ನು ಹೇಳುವುದೇ ಆ ತುದಿಗಳು. ಅವನ್ನು ಮಗಳ ಕೈಗೆ ಒಂದೊಂದಾಗಿ ಕೊಟ್ಟವಳು ತಾನೇ. ಎರಡೆರಡು ಸಲ ಮಡಚಿ ಸಿಗಿಸು, ಸಡಿಲ ಬಿಟ್ಟರೆ ನೋಡು ಅಂತ ಗದರಿದವಳೂ ತಾನೇ.

ಆಮೇಲೆ ಗಂಟು ನೆನಪಾಯಿತು.

ಗಂಡ ಯಾಕೂಬಸಾಬ ತೀರಿಕೊಂಡ ವರ್ಷದ ಬಕ್ರೀದು. ಮೈಮುನಾ ಹಸಿರು ಚಾದರದಲ್ಲಿ ಕಟ್ಟಿದ ಒಂದು ದೊಡ್ಡ ಗಂಟು ಹೊತ್ತುಕೊಂಡು ಬಂದಳು. ಅವತ್ತು ಬೆಳಗಿನಿಂದ ರೇಷ್ಮಾಬಿಯ ತಲೆ ಕೆಟ್ಟಿತ್ತು. ಓಣಿಯ ಕೊನೆಯ ಮನೆಯ ಮಗಳೊಬ್ಬಳು ಗಂಡನ ಊರಲ್ಲಿ ಮಗ್ಗ ಹಾಕಿದಳೆಂದು ಸುದ್ದಿ ಬಂದಿತ್ತು. ಅಂಗಳದಲ್ಲಿ ನಿಂತು, ತವರಿನ ವಿದ್ಯೆ ಒಯ್ದವಳು ಮಗಳಲ್ಲ ಕಳ್ಳಿ, ಅಂಥವಳ ಕೈ ಮುರಿಯಲಿ ಅಂತ ಓಣಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ಮೈಮುನಾ ಬಾಗಿಲಲ್ಲಿ ನಿಂತು ಕೇಳಿದಳು. ಊಟ ಮಾಡಿದಳು. ಗಂಟನ್ನು ಬಿಚ್ಚಲಿಲ್ಲ. ಸಂಜೆಯ ಬಸ್ಸಿಗೆ ಅದೇ ಗಂಟು ಹೊತ್ತುಕೊಂಡು ಹೋದಳು. ಅವಳು ಹೋದ ಕೂಡಲೇ ರೇಷ್ಮಾಬಿ ಮಾಡಿದ ಮೊದಲ ಕೆಲಸ ಒಳಗೆ ಹೋಗಿ ನೂಲಿನ ಲಡಿ ಎಣಿಸಿದ್ದು. ಎಲ್ಲವೂ ಸರಿಯಾಗಿದ್ದವು. ಆದರೂ ತಾನು ಮೊದಲು ತಪ್ಪು ಎಣಿಸಿರಬೇಕೆಂದು ಹನ್ನೊಂದು ವರ್ಷ ಅಂದುಕೊಂಡೇ ಇದ್ದಳು.

ನಾಜಿಮಾ ಕೈ ಹಿಡಿದು ಎಳೆದು ಅವಳನ್ನು ಹೊರಗೆ ತಂದಳು. ತಲೆಗೆ ಅಂಟಿದ ಬಲೆಯನ್ನು ಒರೆಸಿ, ಕೇಳದೆಯೇ ಅಣ್ಣಿಗೇರಿಗೆ ಫೋನು ಹಚ್ಚಿ ಕೊಟ್ಟಳು. ಅತ್ತೆಯ ಮುಖ ನೋಡಿ ಅವಳಿಗೆ ಅರ್ಥವಾಗಿರಬೇಕು.

"ಮೈಮುನಾ," ಅಂದಳು ರೇಷ್ಮಾಬಿ. ಕ್ಷೇಮ ಸಮಾಚಾರ ಯಾವುದೂ ಬಾಯಿಗೆ ಬರಲಿಲ್ಲ. "ನಿಮ್ಮಪ್ಪ ತೀರಿಕೊಂಡ ವರ್ಷ ಬಕ್ರೀದಿಗೆ ಬಂದಿದ್ದಿಯಲ್ಲ, ಆ ಹಸರು ಗಂಟಿನ್ಯಾಗ ಏನಿತ್ತ?"



"ಯಾಕ? ನೂಲು ಎಣಿಸಿ ನೋಡಿದ್ದಿಯಲ್ಲ. ಕಮ್ಮಿ ಬಿದ್ದಿತ್ತೇನು?" ಅಂದಳು ಮಗಳು. "ನಾ ಇನ್ನ ಅಂಗಳದಾಗ ಚಪ್ಪಲಿ ಹಾಕೋತಿದ್ದೆ. ನೀ ಲಡಿ ಎಣಸೂದು ಕೇಳಿಸಿತು."

ರೇಷ್ಮಾಬಿ ಗೋಡೆಗೆ ಒರಗಿ ಕೂತಳು. ತನ್ನ ಅನುಮಾನಕ್ಕೆ ಇಷ್ಟು ದಿನ ಸಾಕ್ಷಿ ಯಾರೂ ಇಲ್ಲ ಎಂದುಕೊಂಡಿದ್ದಳು. ಮಗಳು ಅದನ್ನು ಹನ್ನೊಂದು ವರ್ಷ ಹೊತ್ತುಕೊಂಡು ಹಬ್ಬ ಹಬ್ಬಕ್ಕೂ ಬಂದು ಉಂಡು ಹೋಗಿದ್ದಳು.

"ಗ್ವಾಡಿ ಮ್ಯಾಲ ತೂಗಹಾಕ್ಯಾರ ಅದನ್ನ. ಬೆಂಗಳೂರಾಗ," ಅಂದಳು.

"ಯಾವದನ್ನ?"

"ನಿಂದನ್ನ."

ಮೈಮುನಾ ಮೊದಲು ನಂಬಲಿಲ್ಲ. ನಾಜಿಮಾ ಚಿತ್ರ ಕಳಿಸಿದ ಮೇಲೆ ನಂಬಿದಳು. ಮಂಚವನ್ನು ಗೋಡೆಗೆ ನಿಲ್ಲಿಸಿ ಅದನ್ನೇ ಮಗ್ಗ ಮಾಡಿಕೊಂಡು, ಗಂಡ ಹೊಲಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಎಂಟು ತಿಂಗಳು ನೇಯ್ದದ್ದನ್ನು ಹೇಳಿದಳು. ಅಪ್ಪ ಸತ್ತ ಮೇಲೆ ಅಮ್ಮನಿಗೆ ಹಾಸಿಕೊಂಡು ಕೂರಲು ಕೊಡಬೇಕೆಂದು ನೇಯ್ದದ್ದು. ಅಮ್ಮ ಟ್ರಂಕಿನಿಂದ ತೆಗೆದು ತನ್ನ ಮದುವೆಗೆ ಒಂದೂ ಕೊಡಲಿಲ್ಲ, ತಾನಾದರೂ ಅಮ್ಮನಿಗೆ ಒಂದು ಕೊಡೋಣವೆಂದು. ಅವತ್ತು ಆ ಬೈಗುಳ ಕೇಳಿ ತಿರುಗಿ ಹೋದ ಮೇಲೆ ಮನೆಯಲ್ಲಿ ಇಡಲು ಧೈರ್ಯವಾಗಲಿಲ್ಲ. ವಾರದಲ್ಲೇ ಒಯ್ದು ಕೊಟ್ಟುಬಿಟ್ಟಳು. ಮತ್ತೆ ನೇಯಲಿಲ್ಲ.

"ನಾ ಕದ್ದಿಲ್ಲಮ್ಮಾ," ಅಂದಳು ಕೊನೆಗೆ. "ನೀ ನೇಯ್ತಿದ್ದಿ, ನಾ ಎದುರಿಗೆ ಕುಂತಿದ್ದೆ."

"ಮಂಗಳವಾರ ಬೆಂಗಳೂರಾಗ ಇಳೀಬೇಕು. ಸೋಮವಾರ ಹುಬ್ಬಳ್ಳಿಗೆ ಬಂದು ಬಿಡು. ನಿನ್ನ ಟಿಕೆಟು ನನ್ನ ಬಾಜೂಕ."

"ಎದಕ್ಕ? ನಾಕು ಮಂದಿ ಮುಂದ ನಿಲ್ಲಿಸಿ ಕಳ್ಳಿ ಅನ್ನಾಕೇನು?"

ಕೇಳುವ ಹಕ್ಕು ಅವಳಿಗಿತ್ತು. ರೇಷ್ಮಾಬಿ ಇಲ್ಲ ಅಂದಳು, ಅಲ್ಲಾಹನ ಆಣೆ ಇಲ್ಲ ಅಂದಳು. ಮಗಳಿಗೆ ಅದು ಸಾಲಲಿಲ್ಲ. ಅನುಮಾನ ಪಡುವುದನ್ನು ಅವಳೂ ಆ ಸಂದಿಯಲ್ಲಿ ಕೂತೇ ಕಲಿತಿದ್ದಳು.

"ಅಲ್ಲೆ ಏನೋ ಚೀಟಿ ಹಚ್ಚತಾರಂತಲ್ಲ, ನಾಜಿಮಾ ಹೇಳಿದ್ಲು. ಅದರಾಗ ಏನ ಬರಸ್ತಿ ನೋಡ್ತೀನಿ. ಆಮ್ಯಾಲ ಬರೂದು ಬಿಡೂದು."

ಮರುದಿನ ಬೆಳಗ್ಗೆ ಮಾಸ್ತರರು ನೋಟುಪುಸ್ತಕ ಹಿಡಿದು ಬಂದಾಗ ರೇಷ್ಮಾಬಿ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಟಿಕೆಟು ಮೂರಲ್ಲ, ನಾಲ್ಕು ಅಂದಳು. ಆಮೇಲೆ ಅಮೃತಾಗೆ ಫೋನು ಹಚ್ಚಿರಿ, ಎಲ್ಲರಿಗೂ ಕೇಳುವ ಹಾಗೆ ಇಡಿರಿ ಅಂದಳು. ಓಣಿಯಲ್ಲಿ ಎರಡು ಮೂರು ಮನೆಯ ಹೆಂಗಸರು ನೀರು ತುಂಬುತ್ತಿದ್ದರು. ಅವರು ಕೇಳುತ್ತಾರೆಂದು ಮಾಸ್ತರರು ಹಿಂಜರಿದರು. ಕೇಳಲಿ ಬಿಡ್ರಿ ಅಂದಳು.

"ನೇಯ್ದಾಕಿ ಹೆಸರು ಬರಕೋರಿ," ಅಂದಳು ಫೋನಿಗೆ. "ಮೈಮುನಾ. ಊರು ಅಣ್ಣಿಗೇರಿ. ನನ್ನ ಮಗಳು."

ನೀರು ತುಂಬುತ್ತಿದ್ದವರಲ್ಲಿ ಒಬ್ಬಳು ಕೊಡವನ್ನು ಸೊಂಟದಿಂದ ಇಳಿಸಿದಳು. ಮಗಳು ಅನ್ನುವ ಮಾತಿಗೆ ಆ ಓಣಿಯಲ್ಲಿ ಏನರ್ಥ ಅನ್ನುವುದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಯ್ಯೋ, ನಿಮ್ಮ ಮಗಳೇನಾ!" ಅಮೃತಾಳ ದನಿ ಅರಳಿತು. "ಬರ್ಕೊಂಡೆ ಅಮ್ಮಾ. ಕೆಳಗಿನ ಸಾಲು, ಯಾರಿಂದ ಕಲಿತರು? ನಿಮ್ಮ ಹೆಸರು ಹಾಕಲಾ?"

ಒಳಗೆ ಪಂಜಾದ ಸಪ್ಪಳ ನಿಂತಿತು. ನಾಜಿಮಾ ಬಾಗಿಲಿಗೆ ಬಂದು ನಿಂತಿದ್ದಳು. ರೇಷ್ಮಾಬಿ ಸೊಸೆಯ ಮುಖ ನೋಡಿದಳು, ಓಣಿಯನ್ನು ನೋಡಿದಳು, ಸೊಂಟದ ಬೀಗದಕೈಯನ್ನು ಮುಟ್ಟಿಕೊಂಡಳು.

"ಹಾಕ್ರಿ. ರೇಷ್ಮಾಬಿ ಕಡಿಂದ ಕಲತಾಳ ಅಂತ ಹಾಕ್ರಿ. ಅದರ ಕೆಳಗ ಇನ್ನೊಂದು ಸಾಲು ಬರೀರಿ. ರೇಷ್ಮಾಬಿ ಆಕಿಗೆ ಕಲಿಸಲಿಲ್ಲ ಅಂತ."

"ಅಮ್ಮಾ, ಎರಡನ್ನೂ ಹೇಗೆ ಬರೆಯೋದು? ಓದಿದವರಿಗೆ ಗೊಂದಲ ಆಗುತ್ತೆ. ಯಾವುದಾದ್ರೂ ಒಂದು..."

"ಎರಡೂ ಖರೇ ಅದಾವ," ಅಂದಳು ರೇಷ್ಮಾಬಿ. "ಎರಡೂ ಬರೀರಿ. ಬರದು, ಅದರ ಫೋಟೋ ತಗದು ಅಣ್ಣಿಗೇರಿಗೆ ಕಳಸ್ರಿ. ಆಕಿ ನೋಡಿ ಹೂಂ ಅಂದ್ರ ನಾವು ರೈಲು ಹತ್ತತೀವಿ."